ಸಾಲಿಗ್ರಾಮದ ಮಸ್ಕತ್ತು

ಎಮ್ಮೆ ಕೂಗದಿದ್ದರೆ ಚೆಲುವರಾಜುವಿನ ಆ ದಿನ ಅಷ್ಟು ಕೆಟ್ಟದಾಗಿ ಶುರುವಾಗುತ್ತಿರಲಿಲ್ಲ.

"ಅದೇನ್ಲಾ ಎಮ್ಮೆ ಸದ್ದು? ಮಸ್ಕತ್ತಲ್ಲೂ ಎಮ್ಮೆ ಅವೆಯಾ?" ಎಂದಳು ಫೋನಿನಲ್ಲಿ ಅವನ ಅವ್ವ ಸುನಂದಮ್ಮ.

"ಎಮ್ಮೆ ಅಲ್ಲ ಕಣವ್ವ, ಒಂಟೆ. ಇಲ್ಲಿನ್ ಒಂಟೆಗೊಳು ಅಂಗೇ ಕೂಗೋದು."

"ಪಾಪ, ಅಸ್ಕಂಡಿರ್ಬೇಕು. ಅದ್ಸರಿ, ಐದ್ನೇ ತಾರೀಕಾದ್ರೂ ದುಡ್ಡೇ ಬಂದಿಲ್ವಲ್ಲ ಮಗ? ಇವತ್ತು ಒಬ್ರಿಗೆ ಕೊಡ್ಲೇಬೇಕು, ಮಾತು ಕೊಟ್ಟಿವ್ನಿ."

"ಸಂಜೆಗೆ ಆಕ್ತೀನಿ ಕಣವ್ವ."

ಜೇಬಿನಲ್ಲಿದ್ದದ್ದು ನೂರಾ ಹತ್ತು ರೂಪಾಯಿ. ಒಂಟೆಯಾಗಿ ಹೋದ ಎಮ್ಮೆ ಬದುವಿನ ಮೇಲೆ ನಿಂತು ಅವನನ್ನೇ ನೋಡುತ್ತಿತ್ತು. ಚೆಲುವರಾಜು ಇದ್ದದ್ದು ಸಾಲಿಗ್ರಾಮದ ಪಕ್ಕದ ಕಬ್ಬಿನ ಗದ್ದೆಯಲ್ಲಿ.

ಮಸ್ಕತ್ತಿಗೆ ಹೋಗಿದ್ದೇನೂ ಸುಳ್ಳಲ್ಲ. ಅವನ ಊರಾದ ಅಂತರಸಂತೆಯ ಜನ ಹಾರ ಹಾಕಿ, ಬಾಡೂಟ ಉಂಡು ಕಳಿಸಿಕೊಟ್ಟಿದ್ದರು. ಒಂದೂವರೆ ವರ್ಷ ಲಾರಿ ಓಡಿಸಿದ ಮೇಲೆ ಕಂಪನಿಯೇ ಬಾಗಿಲು ಹಾಕಿತು. ಹಾರ ಹಾಕಿದವರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ನಾಚಿಕೆಯಿಂದ ಊರಿನ ಬಸ್ಸು ಹತ್ತದೆ, ಗುರುತಿನವರು ಯಾರೂ ಇಲ್ಲದ ಈ ಕಡೆ ಬಂದು ಟ್ರ್ಯಾಕ್ಟರ್ ಓಡಿಸಲು ನಿಂತು ನಾಲ್ಕು ತಿಂಗಳಾಗಿತ್ತು. ಕೂಲಿ ಬಂದಂತೆಲ್ಲ ಅವ್ವನಿಗೆ 'ಮಸ್ಕತ್ತಿನಿಂದ' ಹಣ ಹೋಗುತ್ತಿತ್ತು. ಈ ತಿಂಗಳು ಕೂಲಿಯೇ ಬಂದಿರಲಿಲ್ಲ.

"ಇವತ್ತು ಕೊಡ್ಲೇಬೇಕು ಕಣಣ್ಣ," ಎಂದು ಮೇಸ್ತ್ರಿ ಮಾದೇಶನಿಗೆ ಗಂಟುಬಿದ್ದ.

"ನನ್ನೇನ್ ಕೇಳೀಯೆ? ಗದ್ದೆ ಗುತ್ತಿಗೆ ಇಡ್ದಿರೋ ಅಮ್ಮಾವ್ರು ಇಷ್ಟ್ ದಿನ ಪೋನಲ್ಲೇ ಕಳ್ಸೋರು. ಇವತ್ತು ಅವ್ರೇ ಬತ್ತಾವ್ರೆ. ಅವ್ರು ಕೊಟ್ರೆ ನಾನ್ ಕೊಡ್ತೀನಿ."

ಅಲ್ಲಿಂದ ಟ್ರ್ಯಾಕ್ಟರ್ ಓಡಿಸುವಾಗಲೂ ಅವನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ಕಳೆ ಕೀಳುತ್ತಿದ್ದ ತಿಮ್ಮಮ್ಮ ಸುಮ್ಮನಿರುವ ಪೈಕಿಯಲ್ಲ. "ಯಾಕ್ಲಾ, ಯಾರಾರ ಗಂಡು ನೋಡಕ್ಕೆ ಬತ್ತಾವ್ರಾ?" ಎಂದಳು. ಅವಳ ಕಡೆ ತಿರುಗಿ ಉತ್ತರ ಕೊಡುವಷ್ಟರಲ್ಲಿ ಟ್ರ್ಯಾಕ್ಟರ್ ನೀರಿನ ಪೈಪಿನ ಮೇಲೆ ಹತ್ತಿ, ಪೈಪು ಒಡೆದು, ಮಾದೇಶನ ಬಿಳಿ ಪಂಚೆಯೆಲ್ಲ ಕೆಸರಾಯಿತು.

"ಪೈಪಿನ ದುಡ್ಡು ನಿನ್ ಕೂಲೀಲೇ ಮುರ್ಕೊತೀನಿ!"

ಅಷ್ಟರಲ್ಲಿ ಜೇಬಿನಲ್ಲಿ ತಮಟೆ ಮೊಳಗಿತು. ಟ್ರ್ಯಾಕ್ಟರ್ ಸದ್ದಿನಲ್ಲೂ ಕೇಳಲೆಂದು ಅವನು ಫೋನಿಗೆ ಇಟ್ಟುಕೊಂಡಿದ್ದ ಸದ್ದು ಅದು. ಮತ್ತೆ ಅವ್ವ. "ಆಕ್ದಾ ಮಗ?" ಅರ್ಧ ಗಂಟೆಗೆ ಇನ್ನೊಮ್ಮೆ. "ಇನ್ನೂ ಇಲ್ವಾ?" ಮಧ್ಯಾಹ್ನದ ಮುದ್ದೆಯನ್ನೂ ಅವನು ರಸ್ತೆ ನೋಡುತ್ತ ನಿಂತೇ ನುಂಗಿದ.

ಮೂರು ಗಂಟೆಗೆ ಆಟೋ ಬಂತು. ಮಾದೇಶ ಓಡಿದ. ಚೆಲುವರಾಜು ಅವನಿಗಿಂತ ಜೋರಾಗಿ ಓಡಿದ. ಆಟೋದಿಂದ ಮೊದಲು ಒಂದು ಟಿಫನ್ ಕ್ಯಾರಿಯರ್ ಇಳಿಯಿತು, ಅದರ ಹಿಂದೆ ಸುನಂದಮ್ಮ.

ಚೆಲುವರಾಜು ಅಲ್ಲಿಂದಲೇ ತಿರುಗಿ ಕಬ್ಬಿನೊಳಗೆ ನುಗ್ಗಿದ.

"ಒಂದ್ನಿಮಿಸ ಇರ್ರಪ್ಪ," ಎನ್ನುತ್ತಿದ್ದಳು ಅವ್ವ. "ನಮ್ಮೂರಲ್ಲಿ ಏನ್ ಬೆಳುದ್ರೂ ಆನೆ ಪಾಲು. ಅದ್ಕೇ ಮಗ ಕಳ್ಸಿದ್ ದುಡ್ಡು ಕೂಡಿಟ್ಟು ಈ ಗದ್ದೆ ಇಡ್ದೆ. ಅವ್ನಿಗಿನ್ನೂ ಏಳಿಲ್ಲ, ಬಂದಾಗ ನೋಡಿ ಕುಸಿ ಪಡ್ಲಿ ಅಂತ. ಕೂಡಿಟ್ಟಿದ್ದೂ ಈ ತಿಂಗ್ಳು ಮುಗೀತು. ನಿಮ್ ಕೂಲೀನೂ ಅವ್ನ್ ದುಡ್ಡೇ. ತಡೀರಿ, ಪೋನ್ ಮಾಡ್ತೀನಿ."

ಕಬ್ಬಿನೊಳಗೆ ಚೆಲುವರಾಜುವಿನ ತಲೆ ತಿರುಗಿತು. ಅವನು ಕಳಿಸಿದರೆ ಅವ್ವ ಕೂಲಿ ಕೊಡುವುದು, ಅವ್ವ ಕೂಲಿ ಕೊಟ್ಟರೆ ಅವನು ಕಳಿಸುವುದು! ನಾಲ್ಕು ತಿಂಗಳು ಗಾಣದೆತ್ತಿನ ಹಾಗೆ ತನ್ನದೇ ದುಡ್ಡಿನ ಹಿಂದೆ ಸುತ್ತಿದ್ದ.

ತಮಟೆ ಮೊಳಗಿತು.

"ಕಬ್ಬಲ್ಲಿ ಯಾರೋ ತಮಟೆ ಬಡೀತಾವ್ರೆ!" ಎಂದು ತಿಮ್ಮಮ್ಮ ಗರಿ ಸರಿಸಿದಳು.

ಸುನಂದಮ್ಮ ನೋಡಿದಳು. ಫೋನು ಕಿವಿಯಲ್ಲೇ ಇತ್ತು. "ಮಸ್ಕತ್ತಲ್ಲಿ ಕಬ್ಬೂ ಬೆಳೀತಾರೇನ್ಲಾ?"

ಆಮೇಲೆ ಕಂಪನಿ ಮುಚ್ಚಿದ ಕತೆಯೆಲ್ಲ ಕೇಳಿ ಬೆನ್ನಿಗೆ ಎರಡು ಬಾರಿಸಿದಳು. ಅದೇ ಬೆನ್ನು ಸವರುತ್ತ ಅತ್ತಳು. "ದುಡ್ಡು ಆಳಾಗೋಗ್ಲಿ ಬುಡು, ನೀನು ಬಂದ್ಯಲ್ಲ." ಚೆಲುವರಾಜುವೂ ಮಗುವಿನಂತೆ ಅತ್ತುಬಿಟ್ಟ. ನಾಲ್ಕು ತಿಂಗಳ ಭಾರ ಇಳಿದಿತ್ತು. ಮೂಗು ಒರೆಸಿಕೊಂಡ ಮೇಲೆ ನೆನಪಾಯಿತು.

"ಅವ್ವ, ನನ್ ಕೂಲಿ..."

"ಯಾವ್ ಕೂಲಿ? ನಮ್ದೇ ಗದ್ದೇಲಿ ಗೇಯಕ್ಕೆ ಯಾರಾರ ಕೂಲಿ ಈಸ್ಕತಾರೇನ್ಲಾ?"

ಮಾದೇಶ ಪಂಚೆ ಕೊಡವಿಕೊಂಡು, ಬೆಳಗಿನಿಂದ ಬೈಯುತ್ತಿದ್ದವನೇ ಕೈ ಮುಗಿದ. ಹಿಂದೆ ಒಂಬತ್ತು ಆಳು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ತಿಮ್ಮಮ್ಮ.

"ಯಜಮಾನ್ರೇ," ಎಂದಳು, "ಮಸ್ಕತ್ತಿಂದ ಬಂದಿದ್ದಾಯ್ತಲ್ಲ. ನಮ್ ಕೂಲಿ ಕೊಟ್ಬುಡಿ."

ಚೆಲುವರಾಜು ಜೇಬಿಗೆ ಕೈ ಹಾಕಿದ. ನೂರಾ ಹತ್ತು ರೂಪಾಯಿ ಅಲ್ಲೇ ಇತ್ತು.