ನಾನು ಬರೆದ ಗುತ್ಯಮ್ಮ

ನನ್ನೊಳಗೆ ಒಬ್ಬ ಲೇಖಕಿ ಇದ್ದಾಳೆ ಎಂಬುದು ಸಾಗರದ ಹೈಸ್ಕೂಲಿನಲ್ಲಿ ಓದುವಾಗಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮಿಕ್ಕವರಿಗೆ. ಮದುವೆಯಾಗಿ ಕಾರ್ಗಲ್ಲಿನ ಪ್ರಾಜೆಕ್ಟ್ ಕ್ವಾರ್ಟರ್ಸಿಗೆ ಬಂದ ಮೇಲಂತೂ ಆ ಲೇಖಕಿ ಸೌದೆ ಒಲೆಯ ಹೊಗೆಗೆ ಕೆಮ್ಮುತ್ತ ಮೂಲೆ ಸೇರಿಬಿಟ್ಟಿದ್ದಳು. ನಮ್ಮ ಯಜಮಾನರು ಮಂಜುನಾಥಪ್ಪನವರು ಡ್ಯಾಮಿನ ಸ್ಟೋರ್ಸಿನಲ್ಲಿ ಗುಮಾಸ್ತರು. ಸಿಮೆಂಟು ಚೀಲ ನೆನೆಯಿತೆಂದರೆ ಊಟ ಬಿಡುವ ಮನುಷ್ಯ, ಹೆಂಡತಿಯ ಪ್ರತಿಭೆ ನೆನೆದು ಬೂಷ್ಟು ಹಿಡಿಯುತ್ತಿದ್ದರೂ ತಿರುಗಿ ನೋಡಿದವರಲ್ಲ.

ಹೀಗಿರುವಾಗ ನಮ್ಮ ಕಾಲೋನಿಯ ಕ್ಲಬ್ಬಿನವರು 'ವಿದ್ಯುಲ್ಲತೆ' ಎಂಬ ಕೈಬರಹದ ಪತ್ರಿಕೆ ಶುರು ಮಾಡಿದರು. (ಆಗಿನ್ನೂ ನಮ್ಮ ಮನೆಗಳಿಗೆ ಸೀಮೆಎಣ್ಣೆ ದೀಪವೇ. ಹೆಸರಿನಲ್ಲಾದರೂ ವಿದ್ಯುತ್ತು ಇರಲಿ ಅಂತ ಕಾಣುತ್ತದೆ.) ಇರುವುದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಸರದಿಯ ಮೇಲೆ ಹೋಗುತ್ತದೆ. ಕೊನೆಯಲ್ಲಿ ಖಾಲಿ ಹಾಳೆಗಳಿರುತ್ತವೆ. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆದು ಮುಂದಿನ ಮನೆಗೆ ದಾಟಿಸಬೇಕು. ಸಂಪಾದಕ ಗಣೇಶಮೂರ್ತಿ, ನಕ್ಷೆ ಬರೆಯುವ ಆಫೀಸಿನ ಹುಡುಗ, ಬಾಗಿಲಿಗೇ ಬಂದು ಕೇಳಿದ:

"ಅಕ್ಕಾ, ಯುಗಾದಿ ಸಂಚಿಕೆಗೆ ನಿಮ್ದೊಂದು ಕಥೆ ಕೊಡ್ಬೇಕು."

ಕೊಡಬೇಕು! ಯಾರೋ ನನ್ನನ್ನು ಕಥೆ ಕೇಳಿದರು! ನಾನು ಅವನಿಗೆ ಎರಡು ಲೋಟ ಕಾಫಿ ಕೊಟ್ಟೆ.

ಮರುದಿನದಿಂದಲೇ ಸಾಹಿತ್ಯಸೇವೆ ಆರಂಭ. ತಲೆಗೆ ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಕಾಲುಮಣೆಯ ಮೇಲೆ ಹಾಳೆ ಇಟ್ಟುಕೊಂಡು ಕೂತೆ. ನಾಯಕಿ ಮಂದಾಕಿನಿ. ಬೆಳದಿಂಗಳು, ವಿರಹ, ಕ್ಷಯರೋಗ ಎಲ್ಲವನ್ನೂ ಧಾರಾಳವಾಗಿ ಒದಗಿಸಿದೆ. ಆದರೂ ಅವಳು ಸಾಯಲೊಲ್ಲಳು. ಎರಡು ವಾರ ಹೆಣಗಿದೆ. ಬರೆಯಲು ಕೂತರೆ ಆಕಳಿಕೆ, ಎದ್ದರೆ ಪಶ್ಚಾತ್ತಾಪ. ಯಜಮಾನರು ಬೇರೆ ದಿನಾ ಆಫೀಸಿನಿಂದ ಬಂದು ಶೂ ಬಿಚ್ಚುವಾಗ ವಿಚಾರಿಸುತ್ತಿದ್ದರು.

"ಎಂತ, ಇನ್ನೂ ಸತ್ತಿಲ್ವಾ?"

"ರೀ, ಸುಮ್ನಿರ್ತೀರಾ?"

"ಅಲ್ಲ ಮಾರಾಯ್ತಿ, ಸೂತಕ ಯಾವಾಗಿಂದ ಅಂತ ಗೊತ್ತಾದ್ರೆ ರಜಾ ಹಾಕ್ಬಹುದಿತ್ತು."

ನನಗೆ ಅಳು ಬಂತು. ನಿಜವಾಗಿ ಬಂತು. ಇಷ್ಟು ವರ್ಷ ನನ್ನೊಳಗೆ ಇದ್ದಾಳೆ ಅಂದುಕೊಂಡಿದ್ದ ಲೇಖಕಿ ಇಲ್ಲವೇ ಇಲ್ಲವೋ ಏನೋ ಅಂತ ಹೆದರಿಕೆಯಾಯಿತು.

ಆಗ ನನ್ನನ್ನು ಉದ್ಧಾರ ಮಾಡಿದವಳು ಪಕ್ಕದ ಮನೆಯ ದುಗ್ಗಕ್ಕ. ನಮ್ಮ ಸಾಲಿಗೆಲ್ಲ ಒಂದೇ ನಲ್ಲಿ. ಅವತ್ತು ಬೆಳಿಗ್ಗೆ ನನ್ನ ಸರದಿ ಬಂತು ಅನ್ನುವಾಗ ದುಗ್ಗಕ್ಕ ಎಲ್ಲಿಂದಲೋ ಬಂದು, ನನ್ನ ಕೊಡವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತನ್ನದನ್ನು ಇಟ್ಟಳು.

"ದುಗ್ಗಕ್ಕಾ, ನಾ ಆಗ್ಲಿಂದ ನಿಂತಿದೀನಿ!"

"ನಿಲ್ಲು ಮಾರಾಯ್ತಿ, ಬೇಡ ಅಂದ್ನಾ? ನಿಂತ್ರೆ ಸೊಂಟ ಗಟ್ಟಿ ಆಗ್ತದೆ."

ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಪಕ್ಕದಲ್ಲೇ ನಿಂತು, ಮಂದಾಕಿನಿಯ ಹಾಳೆಗಳನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದೆ. 'ಗುತ್ಯಮ್ಮ ಬಂದಳೆಂದರೆ ನಲ್ಲಿಯ ನೀರೂ ಎದ್ದು ನಿಂತು ದಾರಿ ಬಿಡುತ್ತಿತ್ತು.' ಅಯ್ಯಯ್ಯೋ, ಏನು ಓಟ ಅಂತೀರಿ! ಕೈಗೆ ಪದ ಸಿಗುವ ಮೊದಲೇ ಮುಂದಿನ ಸಾಲು ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಗುತ್ಯಮ್ಮ ಕಾಫಿಪುಡಿ ಸಾಲ ತರುವಾಗ ಚೊಂಬು, ತೀರಿಸುವಾಗ ಚಮಚ. ನೆಂಟರು ಬರುವ ಸುಳಿವು ಸಿಕ್ಕರೆ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲಿನಿಂದ ಒಳಗೆ ಬಂದು ಉಸಿರು ಬಿಗಿಹಿಡಿದು ಕೂರುವವಳು. ಯಾರ ಮನೆಯಲ್ಲಿ ಮೀನು ಸಾರು ಕುದಿದರೂ 'ಉಪ್ಪು ಸರಿಯುಂಟಾ ನೋಡ್ತೀನಿ' ಅಂತ ಬಟ್ಟಲು ಹಿಡಿದು ಹಾಜರು. ಬರೆಯುತ್ತ ನಾನೇ ನಕ್ಕೆ, ಒಬ್ಬಳೇ, ಗಟ್ಟಿಯಾಗಿ. ಇಂಥ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಅವತ್ತು ಸೀರೆ ನನಗೆ ಒಪ್ಪಿಗೆಯಿರಲಿಲ್ಲ.)

ಮಧ್ಯಾಹ್ನ ಡ್ಯಾಮಿನ ಕಡೆ ಬಂಡೆ ಸಿಡಿಸಿದ ಸದ್ದಿಗೆ ಪಾತ್ರೆಗಳು ಗಣಗಣ ಅಂದಾಗಲೇ ನನಗೆ ಎಚ್ಚರ. ಯಜಮಾನರು ಊಟಕ್ಕೆ ಬಂದು ಮೂಗು ಮುಚ್ಚಿಕೊಂಡು ನಿಂತಿದ್ದರು.

"ಎಂತ ಸೀದ ವಾಸ್ನೆ ಇದು?"

"ಸಾಹಿತ್ಯದ್ದು."

"ಹಂಗಾದ್ರೆ ಅದನ್ನ ನೀನೇ ಉಣ್ಣು. ನಂಗೆ ಅವಲಕ್ಕಿ ಕೊಡು."

ಅವಲಕ್ಕಿ ತಿನ್ನುವವರನ್ನು ಕೂರಿಸಿ ಕಥೆ ಓದಿದೆ. ಅವರು ನಕ್ಕು ನಕ್ಕು ನೆತ್ತಿಗೆ ಹತ್ತಿ ಕೆಮ್ಮಿದರು. "ಭಲೇ! ಹಿಂಗೆ ಬರ್ಯಕ್ಕೆ ಗುಂಡಿಗೆ ಬೇಕು ಬಿಡು," ಎಂದರು. ಸಿಮೆಂಟಿನ ಮನುಷ್ಯನ ಬಾಯಿಂದ ಈ ಮಾತು! ಅಂದು ಸಂಜೆಯೇ ಕಥೆ ಗಣೇಶಮೂರ್ತಿಯ ಕೈ ಸೇರಿತು.

ಪತ್ರಿಕೆ ಮನೆ ಮನೆ ಸುತ್ತಲು ಹೊರಟ ಮೇಲೆ ನನಗೆ ಅಪಾಯ ಹೊಳೆಯಿತು. ಸರದಿಯಲ್ಲಿ ನಮ್ಮ ಮನೆಯ ನಂತರದ್ದೇ ದುಗ್ಗಕ್ಕನ ಮನೆ. ಕ್ಲಬ್ಬಿಗೆ ದೊಡ್ಡ ಎಂಜಿನಿಯರರು ಹಾಕಿದ್ದ ಷರತ್ತು ಒಂದೇ: ಯಾವುದೇ ಮನೆಯಿಂದ ದೂರು ಬಂತೋ, ಪತ್ರಿಕೆ ಬಂದ್. ದುಗ್ಗಕ್ಕ ತನ್ನ ಗುರುತು ಹಿಡಿದರೆ ದೂರು ಕೊಡದೆ ಬಿಡುವವಳೇ? ಈಗಷ್ಟೇ ರುಚಿ ಹತ್ತಿದೆ, ಎರಡನೆಯ ಕಥೆ ತಲೆಯಲ್ಲಿ ಕುಣಿಯುತ್ತಿದೆ, ಬರೆದು ಕೊಡಲು ಪತ್ರಿಕೆಯೇ ಇಲ್ಲದಂತಾದರೆ? ನಮ್ಮ ಮನೆಗೆ ಬಂದ 'ವಿದ್ಯುಲ್ಲತೆ'ಯನ್ನು ನಾನು ಬಿಚ್ಚಿಯೂ ನೋಡದೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ದುಗ್ಗಕ್ಕ ಕೇಳಿದಾಗಲೆಲ್ಲ ಇವರು ಓದ್ತಿದಾರೆ ಅಂದೆ. ಕೊನೆಗೆ ಅವಳು ನಾನು ನಲ್ಲಿಗೆ ಹೋದ ಸಮಯ ನೋಡಿ ನೇರ ಇವರನ್ನೇ ಕೇಳಿದಳು. ಈ ಪುಣ್ಯಾತ್ಮರು ಡಬ್ಬಿ ತೆಗೆದು, ಅಕ್ಕಿ ಕೊಡವಿ, ಕೈಗೇ ಕೊಟ್ಟು ಕಳಿಸಿದರು.

ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಆ ಮಧ್ಯಾಹ್ನ ನಾನು ಗೋಡೆಗೆ ಕಿವಿ ಹಚ್ಚಿ ಕೂತೆ. ದುಗ್ಗಕ್ಕ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು, ಅಕ್ಷರ ಜೋಡಿಸಿ ಜೋಡಿಸಿ, ಗಟ್ಟಿಯಾಗಿ ಓದುತ್ತಿದ್ದಳು. "ಗು...ತ್ಯ...ಮ್ಮ ಬಂದಳೆಂದರೆ..." ಹೋ ಎಂದು ನಗು. ಕಾಫಿಪುಡಿಗೆ ನಗು. ಬೀಗಕ್ಕೆ ಚಪ್ಪಾಳೆ. ನನಗೋ ಒಂದು ಕಡೆ ಜೀವ ಹೋಗುತ್ತಿದೆ, ಇನ್ನೊಂದು ಕಡೆ ಕುಣಿಯಬೇಕು ಅನ್ನಿಸುತ್ತಿದೆ. ನನ್ನ ಸಾಲಿಗೆ ಜನ ನಗುತ್ತಿದ್ದಾರೆ! ಕಥೆ ಮುಗಿಯಿತು. ಆಮೇಲೆ ದಡಾರ್ ಎಂದು ಅವರ ಬಾಗಿಲು ತೆರೆದ ಸದ್ದು, ಹಿಂದೆಯೇ ನಮ್ಮ ಬಾಗಿಲಿಗೆ ಗುದ್ದು.

ತೆರೆದೆ. ದುಗ್ಗಕ್ಕನ ಕಂಕುಳಲ್ಲಿ 'ವಿದ್ಯುಲ್ಲತೆ', ಕಣ್ಣಲ್ಲಿ ನೀರು. ಒಳಗೆ ನುಗ್ಗಿ ನನ್ನನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡಳು.

"ಎಂಥಾ ದೊಡ್ಡ ಮನ್ಸೇ ನಿಂದು! ನಿನ್ನ ನೀನೇ ಹಿಂಗೆ ಬರ್ಕಂಡ್ಯಲ್ಲೇ!"

"ಆಂ?"

"ಒಂದೂ ಮುಚ್ಚಿಟ್ಟಿಲ್ಲ! ಓದ್ತಾ ಓದ್ತಾ ನಂಗೆ ನೀನೇ ಕಣ್ಮುಂದೆ ಬಂದು ನಿಂತಂಗಾತು. ಇಷ್ಟ್ ವರ್ಷ ನಿನ್ನ ಪಕ್ಕದಲ್ಲಿದ್ದು ಒಳಗೊಳಗೇ ಬೈಕಂಡಿದ್ದೆ ಮಾರಾಯ್ತಿ. ಇವತ್ತು ಎಲ್ಲಾ ಹೊಟ್ಟೆಗೆ ಹಾಕ್ಕಂಡೆ, ಹೋಗು."

ನಾನು ಬಾಯಿ ತೆರೆದೆ. ಗುತ್ಯಮ್ಮ ನಾನಲ್ಲ ಅನ್ನಬೇಕು. ಹಾಗಂದರೆ, 'ಮತ್ತೆ ಯಾರು?' ಅನ್ನುತ್ತಾಳೆ. ತೆರೆದ ಬಾಯನ್ನು ಹಾಗೇ ಮುಚ್ಚಿದೆ.

ಪತ್ರಿಕೆ ಕಿತ್ತುಕೊಂಡು ಕೊನೆಯ ಹಾಳೆಗಳನ್ನು ನೋಡಿದರೆ ಅಲ್ಲಿ ನನ್ನ ಯಶಸ್ಸು ರಾರಾಜಿಸುತ್ತಿತ್ತು! 'ಲೇಖಕಿಯವರ ಪ್ರಾಮಾಣಿಕತೆ ಅನುಕರಣೀಯ.' 'ಇವರನ್ನು ಬಲ್ಲವರಿಗೆ ಎರಡು ಪಟ್ಟು ಸ್ವಾರಸ್ಯ.' ಎದುರು ಮನೆಯ ಬಂಗಾರಮ್ಮ ಬರೆದಿದ್ದಳು: 'ಕಥೆ ಸೊಗಸಾಗಿದೆ. ಆದರೆ ನಮ್ಮ ಮನೆಯ ಸಕ್ಕರೆಯ ವಿಷಯ ಬಿಟ್ಟುಹೋಗಿದೆ.' ಸಂಜೆ ಯಜಮಾನರ ಮುಂದೆ ಹಾಳೆ ಹಿಡಿದು ಕೂಗಾಡಿದೆ.

"ನೋಡ್ರೀ, ಊರೆಲ್ಲಾ ಗುತ್ಯಮ್ಮ ನಾನೇ ಅಂತಾರೆ!"

ಅವರು ಕಕ್ಕಾಬಿಕ್ಕಿಯಾದರು. "ಯಾಕೆ, ಬೇರೆ ಯಾರಾದ್ರೂ ಅಂತ ಬರ್ದಿದ್ಯಾ?"

ಎರಡು ದಿನ ಅವರಿಗೆ ಅವಲಕ್ಕಿಯೇ. ಇನ್ನು ಜನ್ಮದಲ್ಲಿ ಪೆನ್ನು ಮುಟ್ಟುವುದಿಲ್ಲ ಎಂದು ಶಪಥವನ್ನೂ ಮಾಡಿದೆ. ಮೂರನೆಯ ದಿನ ಗಣೇಶಮೂರ್ತಿ ಓಡಿಬಂದ. "ಅಕ್ಕಾ, ಎಲ್ಲಾ ಮನೆಯವ್ರೂ ಗುತ್ಯಮ್ಮ ಮತ್ತೆ ಬರ್ಬೇಕು ಅಂತಿದಾರೆ!" ಅವನ ಹಿಂದೆಯೇ ದುಗ್ಗಕ್ಕ ಬಂದು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಬರ್ಕ. ನಾ ಹೇಳ್ತೀನಿ. ಬಂಗಾರಮ್ಮ ಹಲಸಿನ ಹಪ್ಪಳ ಒಣಗಿಸಿದ್ಲಲ್ಲ, ಗುತ್ಯಮ್ಮ ಮೆಲ್ಲಗೆ ಹೋಗಿ ಚಾಪೆಯಿಂದ ಒಂದ್ ಕಟ್ಟಿನಷ್ಟು ಎತ್ತಿ ಮಡಿಲಿಗೆ ಹಾಕ್ಕಂಡ್ಳು. ಆಮೇಲೆ ತಾನೇ ನಿಂತು 'ಹಾಳ್ ಕಾಗೆ, ಹುಶ್ ಹುಶ್' ಅಂತ ಕೂಗಿದ್ಲು."

"ದುಗ್ಗಕ್ಕಾ! ದೇವ್ರಾಣೆ ನಾ ಅದನ್ನ ಮಾಡಿಲ್ಲ!"

"ಗೊತ್ತು ಮಾರಾಯ್ತಿ. ಮಾಡಿದ್ದು ನಾನು. ಬಂಗಾರಮ್ಮ ಹೆಂಗೂ ನೀನೇ ಅಂತ ತಿಳ್ಕಂಡಿದಾಳೆ, ನಿಂಗೇ ಸರಿ ಹೊಂದ್ತದೆ. ಬರ್ಕ, ಬರ್ಕ."

ಏನು ಮಾಡಲಿ ಹೇಳಿ! ಕಾಗೆಯನ್ನು ಓಡಿಸುವ ಗುತ್ಯಮ್ಮ ಆಗಲೇ ಕಣ್ಣ ಮುಂದೆ ಬಂದು ನಿಂತಿದ್ದಳು, ಮಡಿಲಲ್ಲಿ ಹಪ್ಪಳ ಬೇರೆ ಕರಕರ ಅನ್ನುತ್ತಿತ್ತು. ಪೆನ್ನಿಗೆ ಶಾಯಿ ತುಂಬಿಕೊಂಡು, ಒಲೆಯ ಮೇಲಿನ ಅನ್ನವನ್ನು ದೇವರಿಗೆ ಬಿಟ್ಟು, ಬರೆಯತೊಡಗಿದೆ.