ಕಾಕಾನ ಗುಮಾನಿ, ಕಾಕಿಯ ಪದ

ನಮ್ಮ ಕಾಕಾನನ್ನು ‘ಆರಾಮ ಅದೀರಿ?’ ಎಂದು ಒಮ್ಮೆ ಕೇಳಿ ನೋಡಿ. ‘ಯಾಕ? ಯಾರರ ಏನರ ಹೇಳಿದ್ರೇನು?’ ಎಂದು ನಿಮಗೇ ಪಾಟಿಸವಾಲು ಹಾಕುತ್ತಾರೆ!

ಲಕ್ಷ್ಮೇಶ್ವರದಲ್ಲಿ ಅವರದು ಗಾದಿ ಹೊಲಿಯುವ ಅಂಗಡಿ. ಗದಗಿನಿಂದ ಬಂದ ಹತ್ತಿಯನ್ನು ಮೂಸಿ ನೋಡದೆ ಇಳಿಸಿಕೊಂಡವರಲ್ಲ. ಮೊಬೈಲನ್ನು ಯಾರಾದರೂ ಕದ್ದಾರೆಂದು ಹಳೆಯ ದಿಂಬಿನೊಳಗಿಟ್ಟು ಬಾಯಿ ಹೊಲಿದುಬಿಡುತ್ತಿದ್ದರು. ಕರೆ ಬಂದರೆ? ಕತ್ತರಿ ಸಿಗುವಷ್ಟರಲ್ಲಿ ನಿಂತಿರುತ್ತಿತ್ತು!

ತೀರಿಹೋದ ಕಾಕಿ ಹಾಡಿದ ಸೋಬಾನ ಪದ ಆ ಮೊಬೈಲಿನಲ್ಲಿ ಮಾತ್ರ ಇತ್ತು. ಅದರ ಬ್ಯಾಟರಿ ಉಬ್ಬಿದ ದಿನ ಕಾಕಾ ಹೆದರಿ ನನ್ನನ್ನು ಕರೆಸಿದರು. ಆನ್‌ಲೈನಿನಲ್ಲಿ ಹಾಕಿದರೆ ಉಳಿಯುತ್ತದೆ ಎಂದೆ. ಅಂಗಡಿಯ ಬಾಗಿಲು ಹಾಕಿಸಿದ ಮೇಲೆ ಒಪ್ಪಿದರು.

ಹಾಡು ಹಂಚುವ ಆ್ಯಪು ಮೊದಲು ಕೇಳಿದ್ದೇ ಹಾಡಿನ ಭಾಷೆ.

“ಭಾಷಿ ಯಾಕ ಬೇಕಂತ ಅವರಿಗೆ?”

“ಕನ್ನಡ ಅಂತ ಒತ್ತಿದ್ರ ಕನ್ನಡ ತಿಳಿಯೋವ್ರಿಗೆ ಹೋಗಿ ಮುಟ್ಟತೈತಿ, ಕಾಕಾ.”

“ತಿಳಿಯೋವ್ರೇ ಕದೀತಾರ! ಕೆಳಗ ಅದೇನೈತಿ?”

“ಬರೇ ವಾದ್ಯ, ಹಾಡಿಲ್ಲ ಅಂತ.”

“ಅದನ್ನ ಒತ್ತಲೇ!”

ಒತ್ತಿದೆ. ಕಾಕಿ ಅಂಗಡಿಯಲ್ಲಿ ಹಾಡಿದರೆ ಬಸ್‌ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಅದನ್ನು ವಾದ್ಯ ಎಂದರೆ ಯಾರು ನಂಬುತ್ತಾರೆ? ಮರುದಿನವೇ ಹಾಡು ವಾಪಸ್ ಬಂತು. ಇದರಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಾರೆ, ಭಾಷೆ ಸರಿಪಡಿಸಿ ಎಂದು ಆ್ಯಪಿನವರು ಬರೆದಿದ್ದರು.

ಕಾಕಾ ದಿಗ್ಗನೆ ಎದ್ದರು. “ನೋಡಿದಿ? ಯಾವನೋ ಕದ್ದು ಕೇಳ್ಯಾನ!”

ಕೇಳಲೆಂದೇ ಅಲ್ಲವೇ ಹಾಕಿದ್ದು! ನನಗೂ ಸಿಟ್ಟು ಬಂತು. “ಹಾಡೇ ಇಲ್ಲ ಅಂದ್ರ ಕಾಕಿ ಅಲ್ಲಿ ಇದ್ದೂ ಇಲ್ಲದಂಗ. ಯಾರು ಹುಡುಕಿದ್ರೂ ಸಿಗೂದಿಲ್ಲ.”

ಕಾಕಾ ಕನ್ನಡಕ ಒರೆಸಿ ಹಾಕಿಕೊಂಡು, ತಾವೇ ಬೆರಳಿಟ್ಟು ‘ಕನ್ನಡ’ ಒತ್ತಿದರು. ಆ್ಯಪಿನ ಮೇಲೆ ನಂಬಿಕೆಯಿಲ್ಲದೆ ಇನ್ನೊಮ್ಮೆ ಒತ್ತಿದರು!

ಮೊನ್ನೆ ಗಾದಿ ಕೊಡಲು ಇಬ್ಬರೂ ಅಡರಕಟ್ಟಿಯ ಬಸ್ಸಿನಲ್ಲಿ ಹೊರಟಿದ್ದೆವು. ಕಾಕಾ ಅಕ್ಕಪಕ್ಕ ನೋಡಿ, ಗುರುತು ಪರಿಚಯವಿಲ್ಲದ ಒಬ್ಬ ಮುದುಕನ ಕೈಗೆ ತಮ್ಮ ಹೊಸ ಮೊಬೈಲು ಇಟ್ಟೇಬಿಟ್ಟರು!

“ಕೇಳ್ರಿ. ನಮ್ಮಾಕಿ ಹಾಡಿದ್ದು. ಕನ್ನಡ ಐತಿ, ನಿಮಗ ತಿಳಿತೈತಿ.”

ಮುದುಕ ಮೊಬೈಲನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಅವನು ಇಳಿಯುವ ಜಾಗ ಬಂತು. ಗಡಬಡಿಸಿ ಮೊಬೈಲು ವಾಪಸ್ ಕೊಡಹೋದ. ಕಾಕಾ ಅವನ ಕೈ ಹಿಡಿದು ಕೂರಿಸಿದರು.

“ಇರ್ರಿ, ಪದ ಮುಗೀಲಿ. ಮುಂದಿನ ಸ್ಟಾಪಿಗೆ ಇಳೀರಂತ.”