ಮೌಸಿಗೂ ನಿದ್ದೆ

ಕಂಪ್ಯೂಟರು ನಿದ್ದೆಹೋದದ್ದು ಹನ್ನೊಂದಕ್ಕೆ ಐದು ನಿಮಿಷವಿರುವಾಗ. ಸುಮಂತ ಮೌಸು ಅಲ್ಲಾಡಿಸಿದ. ಅದರ ಹೊಟ್ಟೆಯ ಕೆಂಪು ದೀಪವೂ ಆರಿತ್ತು.

ಕೇಂದ್ರಸ್ಥಾನ ಬಿಡಕೂಡದೆಂಬ ಆದೇಶಕ್ಕೆ ಕಟ್ಟುಬಿದ್ದು ಅವನು ನಾಲ್ಕು ವರ್ಷದಿಂದ ಕಮಲಾಪುರದ ಒಂದು ಖೋಲಿಯಲ್ಲಿದ್ದ. ಹೆಂಡತಿ ಶುಭದಾ ಅದೇ ಇಲಾಖೆಯ ಕಲಬುರಗಿ ಕಚೇರಿಯಲ್ಲಿ. ರವಿವಾರವೊಂದೇ ಅವರ ಸಂಸಾರ. ಸೋಮವಾರದ ಬಸ್ಸಿನಲ್ಲಿ, ಅವಳು ಕಟ್ಟಿಕೊಟ್ಟ ಡಬ್ಬಿ ಪೂರ್ತಿ ಆರುವವರೆಗೂ ಅವನು ಅದನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ.

ಇಂದು ಹನ್ನೊಂದಕ್ಕೆ ಆನ್‌ಲೈನ್ ವರ್ಗಾವಣೆ. ಕಲಬುರಗಿಯಲ್ಲಿ ಒಂದೇ ಜಾಗ ಖಾಲಿ; ಮೊದಲು ಒತ್ತಿದವರಿಗೆ. ಒತ್ತಿದ ಮೇಲೆ ಬದಲಿಸುವಂತಿಲ್ಲ.

“ಬಂದ್ ಮಾಡಿ ಚಾಲೂ ಮಾಡ್ರಿ,” ಎಂದ ಪಕ್ಕದ ಮೇಜಿನ ರಾಮಣ್ಣ.

“ಲಾಗಿನ್ ಹೋಗ್ತದರೀ. ಒಬ್ಬರಿಗೆ ಒಂದೇ ಸಲ ಅದ.”

ರಾಮಣ್ಣ ಜೋಳದ ರೊಟ್ಟಿ ತಟ್ಟಿದಂತೆ ಕೀಬೋರ್ಡು ಬಡಿದ. ಕಸ ಹೊಡೆಯುತ್ತಿದ್ದ ಭಾಗಮ್ಮ ಬಂದು ಮೌಸನ್ನು ಸೆರಗಿನಿಂದ ಒರೆಸಿದಳು. “ಬಡದ್ರ ಏಳಂಗಿಲ್ಲರೀ ಸಾಹೇಬ್ರ, ಕೂಸಿನ ಎಬ್ಬಿಸಿದಂಗ ಎಬ್ಬಿಸಬೇಕು.”

ಹಾಗೂ ಏಳಲಿಲ್ಲ. ಸುಮಂತ ಕಲಬುರಗಿಯ ರೋಜಾ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ತಾರಿಖ್‌ಗೆ ಫೋನ್ ಹಚ್ಚಿದ.

“ಮೌಸ್ ಎಬ್ಬಿಸಬೇಕಂದ್ರ ಅದಕ್ಕೂ ಚೂರು ಕರೆಂಟ್ ಸಿಗಬೇಕ್ರೀ ಭಾಯಿ. ನಿಮ್ಮ ಯುಎಸ್‌ಬಿ ಡ್ರೈವರ್ ಕರೆಂಟ್ ಉಳಿತಾಯ ಮಾಡಾಕ ಹೋಗಿ ಅದನ್ನೂ ಬಂದ್ ಮಾಡ್ಯದ. ಎಬ್ಬಿಸೋ ಕಾವಲುಗಾರನ್ನೂ ಮಲಗಿಸಿದಂಗ. ಮೌಸಿನ ವೈರ್ ಬ್ಯಾರೆ ತೂತಿಗೆ ಹಾಕಿ ನೋಡ್ರಿ.”

ಮುಂದಿನ ತೂತು, ಹಿಂದಿನ ತೂತು. ಮೇಜಿನಡಿ ತೂರಿದ ಸುಮಂತನ ನೆತ್ತಿಗೆ ಡ್ರಾವರು ಬಡಿಯಿತು. ನಡುವೆ ನಾಲ್ಕು ಸಲ ಶುಭದಾಳ ಕರೆ ಬಂತು, ನಾಲ್ಕನ್ನೂ ಕತ್ತರಿಸಿದ. ತಾರಿಖ್‌ನ ಫೋನು ತಪ್ಪಿದರೆ ಕಲಬುರಗಿಯೇ ತಪ್ಪಿದಂತೆ.

ಹನ್ನೊಂದೂವರೆಗೆ ತಾರಿಖ್ ಹೇಳಿದ: “ಪವರ್ ಗುಂಡಿ ಒಂದ್ಸಲ ಮೆಲ್ಲಗ ಒತ್ರಿ, ಏಳ್ತದ. ಒತ್ತಿ ಹಿಡಕೋಬ್ಯಾಡ್ರಿ ಮತ್ತ.”

“ಇದನ್ನ ಮೊದ್ಲ ಹೇಳಬಾರದೇನಪಾ?”

“ನೀವು ಮೌಸಿಂದಷ್ಟ ಕೇಳಿದ್ರಿ.”

ಪರದೆ ಬೆಳಗಿತು. ಕಲಬುರಗಿ, ಖಾಲಿ ಒಂದು. ಅರ್ಧ ಗಂಟೆ ಕಳೆದರೂ ಯಾರೂ ಮುಟ್ಟಿಲ್ಲ ಎಂದುಕೊಂಡ. ಸುಮಂತ ಒತ್ತಿಬಿಟ್ಟ. ‘ಆಯ್ಕೆ ಅಂತಿಮಗೊಂಡಿದೆ’ ಎಂದಿತು ಪರದೆ. ಭಾಗಮ್ಮ ಮೌಸಿಗೆ ಕೈಮುಗಿದಳು.

ಅಷ್ಟರಲ್ಲಿ ಶುಭದಾಳ ಫೋನು.

“ಎಷ್ಟ್ ಹಚ್ಚಿದ್ರೂ ಎತ್ತಲಿಲ್ಲಲ್ರೀ. ಹನ್ನೊಂದಕ್ಕ ಆ ಜಾಗ ಯಾರೋ ಹೊಡಕೊಂಡ್ರು. ಪಟ್ಟ್ಯಾಗ ನಿಮ್ಮ ಹೆಸರು ಕಮಲಾಪುರದಾಗೇ ಇತ್ತು. ನಿಮಗ ಹೇಳದಂಗ ನಾನೂ ಅರ್ಜಿ ಹಾಕಿದ್ದೆ. ಕಮಲಾಪುರದಾಗ ಖಾಲಿ ಇದ್ದ ಜಾಗಾನ ತೊಗೊಂಡೆ. ಇನ್ನ ದಿನಾ ಕೂಡೇ ಉಣ್ಣೋಣ್ರಿ.”

ಸುಮಂತ ಪರದೆಯ ಮೇಲಿನ ‘ಅಂತಿಮಗೊಂಡಿದೆ’ಯನ್ನು ಮತ್ತೊಮ್ಮೆ ಓದಿದ.

“ಮಜಾ ಕೇಳ್ರಿ,” ಅವಳು ನಕ್ಕಳು. “ಕಲಬುರಗ್ಯಾಗ ನಾ ಬಿಟ್ಟ ಕುರ್ಚಿ ಯಾವನೋ ಪುಣ್ಯಾತ್ಮ ಐದ್ ನಿಮಿಷದಾಗ ಹಿಡಕೊಂಡಾನ.”